ಕಾಪಿ ಹೊಡೆದದ್ದೆಲ್ಲ ಬ್ಯಾಕಪ್ ಅಲ್ಲ

ನಮ್ಮ ಕನ್ನಡ ಸಂಘದ ಊರಮಾತು ಸಂಗ್ರಹಕ್ಕೆ ನಿಮ್ಮಲ್ಲಿ ಬಹಳ ಜನ ಏನಾದ್ರೂ ಕೊಟ್ಟೇ ಇರ್ತೀರಿ. ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನೋ ತಾತನನ್ನೋ ಪಕ್ಕದ ಮನೆ ದೊಡ್ಡಮ್ಮನನ್ನೋ ಕೂರಿಸಿಕೊಂಡು, ಆ ಕಡೆಯವರು ಮಾತ್ರ ಬಳಸೋ ಪದಗಳನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಸೈಟಿಗೆ ಹಾಕೋದು. ಯಾರ ದನಿ, ಯಾವ ಊರು, ಯಾವ ಪದ, ಅರ್ಥ ಏನು ಅನ್ನೋದನ್ನ ಫಾರ್ಮಿನಲ್ಲಿ ತುಂಬೋದು. ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ರೆಕಾರ್ಡಿಂಗ್ ಸೇರಿತ್ತು. ಹೋದ ನವೆಂಬರ್ ಮೊದಲ ವಾರ, ಲ್ಯಾಬಿನ ಮೂಲೆಯಲ್ಲಿ ಓಡ್ತಿದ್ದ ಆ ಹಳೇ ಮೆಷಿನ್ನಿನ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಎರಡು ದಿನ ಸದ್ದು ಮಾಡಿ ಕೈ ಎತ್ತಿತು.

ನಾವು ಗಾಬರಿ ಆಗಲಿಲ್ಲ. "ಬ್ಯಾಕಪ್ ಇದೆ ಬಿಡ್ರೋ" ಅಂದ್ವಿ. ಇದ್ದದ್ದೂ ನಿಜ. ದಿನಾ ರಾತ್ರಿ 2 ಗಂಟೆಗೆ ಕ್ರಾನ್ ಎದ್ದು, ಮೈಎಸ್‌ಕ್ಯುಎಲ್ ಡೇಟಾ ಇಡೋ ಡೈರೆಕ್ಟರಿ ಮತ್ತು ಆಡಿಯೋ ಫೈಲುಗಳ ಡೈರೆಕ್ಟರಿ ಎರಡನ್ನೂ ಸೇರಿಸಿ ಟಾರ್ ಮಾಡಿ, ಪಕ್ಕದ ಮೆಷಿನ್ನಿಗೆ ಕಳಿಸುತ್ತಿತ್ತು. ಕೊನೆಯ ಏಳು ದಿನದ ಏಳು ಫೈಲು, ಸೈಜ್ ಕೂಡ ಸರಿಯಾಗಿತ್ತು. ಹೊಸ ಡಿಸ್ಕ್ ಹಾಕಿ, ಬಿಚ್ಚಿ, ಮೈಎಸ್‌ಕ್ಯುಎಲ್ ಶುರು ಮಾಡಿದ್ವಿ. ಅದು ಏಳಲಿಲ್ಲ. ಪೇಜಿನ ಲಾಗ್ ಸೀಕ್ವೆನ್ಸ್ ನಂಬರ್ ಭವಿಷ್ಯದಲ್ಲಿದೆ ಅಂತ ಸಾಲು ಸಾಲು ಎರರ್. ಹಿಂದಿನ ದಿನದ್ದು ಹಾಕಿದ್ವಿ, ಅದೂ ಇಲ್ಲ. ಅದರ ಹಿಂದಿನದ್ದು, ಅದೂ ಇಲ್ಲ. ಬೆಳಗಿನ ಜಾವದ ಹೊತ್ತಿಗೆ ಏಳೂ ಮುಗಿದಿದ್ದವು. ಕಡೆಗೆ ಇನ್ನೋಡಿಬಿಯ ಫೋರ್ಸ್ ರಿಕವರಿ ಹಾಕಿ ಒಂದನ್ನ ಹೇಗೋ ಎಬ್ಬಿಸಿದ್ವಿ. ಎದ್ದದ್ದು ಅರ್ಧ ಜೀವ.

ಈಗ ನಮ್ಮ ಹತ್ತಿರ ಆಡಿಯೋ ಫೈಲುಗಳು ಎಲ್ಲಾ ಇವೆ. ಆದರೆ ಮುನ್ನೂರಕ್ಕೂ ಹೆಚ್ಚು ರೆಕಾರ್ಡಿಂಗುಗಳಿಗೆ ಡೇಟಾಬೇಸಿನಲ್ಲಿ ಸಾಲೇ ಇಲ್ಲ. ಫೈಲಿನ ಹೆಸರು ನಾವೇ ಜಾಣತನ ಮಾಡಿ ಕೊಟ್ಟ ನಲವತ್ತು ಅಕ್ಷರದ ಹ್ಯಾಶ್. ಯಾರ ದನಿ, ಯಾವ ಊರು, ಗೊತ್ತಿಲ್ಲ. ಒಂದರಲ್ಲಿ ಹಿಂದೆ ಕೋಳಿ ಕೂಗ್ತಿರುತ್ತೆ, ಒಬ್ಬ ಅಜ್ಜಿ ಹಗೇವು ಅಂದ್ರೇನು, ಅದರೊಳಗೆ ಜೋಳ ಹೇಗೆ ತುಂಬಿಡ್ತಿದ್ರು ಅಂತ ಹೇಳ್ತಾರೆ. ಬಾಯಿ ಮುಚ್ಚೋದು ಹೇಗೆ ಅನ್ನೋದನ್ನೂ ಬಿಡಿಸಿ ಹೇಳ್ತಾರೆ. ಅವರು ಯಾರು ಅಂತ ನಮಗೆ ಗೊತ್ತಿಲ್ಲ.

ಇದನ್ನ ಬರೆಯುತ್ತಿರೋದು ಅನುಕಂಪಕ್ಕಲ್ಲ. ನಾವು ಮಾಡಿದ ತಪ್ಪನ್ನೇ ಈ ಕ್ಯಾಂಪಸ್ಸಿನಲ್ಲಿ ಪ್ರತಿ ಪ್ರಾಜೆಕ್ಟ್ ಬ್ಯಾಚೂ ಮಾಡ್ತಿದೆ ಅನ್ನೋದು ಈ ಆರು ತಿಂಗಳಲ್ಲಿ ನಮಗೆ ಖಾತ್ರಿ ಆಗಿದೆ. ಓಡ್ತಿರೋ ಡೇಟಾಬೇಸಿನ ಫೈಲುಗಳನ್ನ ಸುಮ್ನೆ ಕಾಪಿ ಮಾಡಿ ಅದಕ್ಕೆ ಬ್ಯಾಕಪ್ ಅಂತ ಹೆಸರಿಡೋದು. ನಮ್ಮ ವಾದ ಇಷ್ಟೇ: ಕಾಪಿಗೆ ಮುಂಚೆ ಸ್ನ್ಯಾಪ್‌ಶಾಟ್ ತೆಗೀಬೇಕು, ಆಮೇಲೆ ಅದನ್ನ ಬೇರೆ ಕಡೆ ಒಯ್ಯಬೇಕು, ಆಮೇಲೆ ಅದರಿಂದ ಡೇಟಾ ವಾಪಸ್ ಬರುತ್ತಾ ಅಂತ ನೋಡಬೇಕು. ಮತ್ತೆ ಇದಕ್ಕೆ ಕಾಲೇಜಿನಲ್ಲಿ ಮಾರ್ಕ್ಸ್ ಇರಬೇಕು.

ಮೊದಲು, ಕಾಪಿ ಯಾಕೆ ಕೈ ಕೊಡ್ತು ಅಂತ.

ಕಾಲೇಜಿನ ಮೆಟ್ಟಿಲ ಮೇಲೆ ಇಡೀ ಬ್ಯಾಚ್ ನಿಂತಿದೆ ಅಂದ್ಕೊಳ್ಳಿ. ಫೋನನ್ನು ಪನೋರಮಾಕ್ಕೆ ಹಾಕಿ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸ್ತೀರಿ. ಎಡತುದಿಯಲ್ಲಿದ್ದ ಒಬ್ಬ ತರಲೆ, ಕ್ಯಾಮೆರಾ ತನ್ನನ್ನ ದಾಟಿದ ಕೂಡಲೇ ಹಿಂದಿನಿಂದ ಓಡಿ ಬಲತುದಿಗೆ ಬಂದು ನಿಲ್ತಾನೆ. ಫೋಟೋದಲ್ಲಿ ಅವನು ಎರಡು ಕಡೆ. ಬಲತುದಿಯವನು ಕ್ಯಾಮೆರಾ ಬರೋಕೆ ಮುಂಚೆ ಎಡಕ್ಕೆ ಓಡಿದರೆ, ಅವನು ಫೋಟೋದಲ್ಲೇ ಇಲ್ಲ. ಫೋಟೋ ಮಾತ್ರ ನೋಡೋಕೆ ಚೆನ್ನಾಗೇ ಇರುತ್ತೆ. ಅಂಥ ಒಂದು ಸಾಲು, ಅಂಥ ಒಂದು ಕ್ಷಣ ಯಾವತ್ತೂ ಇರಲಿಲ್ಲ ಅನ್ನೋದೊಂದು ಬಿಟ್ಟರೆ.

ನಮ್ಮ ಟಾರ್ ಮಾಡಿದ್ದು ಇದನ್ನೇ. ಇಪ್ಪತ್ತು ನಿಮಿಷ ಹಿಡೀತಿತ್ತು. ಲಾಗ್ ಫೈಲನ್ನ ಓದಿದ್ದು 2 ಗಂಟೆಗೆ, ರೆಕಾರ್ಡಿಂಗ್ ಟೇಬಲ್ ಓದಿದ್ದು 2:15ಕ್ಕೆ. ಆ ಹದಿನೈದು ನಿಮಿಷದಲ್ಲಿ ಡೇಟಾಬೇಸ್ ಸುಮ್ಮನೆ ಕೂತಿರಲಿಲ್ಲ. ರಾತ್ರಿ 2ಕ್ಕೆ ಯಾರಿರ್ತಾರೆ ಅಂತ ನಾವು ಆ ಹೊತ್ತು ಆರಿಸಿದ್ದು. ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದವರು ಇಂಥ ಲೆಕ್ಕ ಹಾಕಬಾರದಿತ್ತು. ನಮ್ಮ ಸೈಟಿಗೆ ಅತಿ ಹೆಚ್ಚು ಅಪ್‌ಲೋಡ್ ಬರ್ತಿದ್ದದ್ದೇ ಹನ್ನೆರಡರಿಂದ ಮೂರರ ನಡುವೆ. ಸಾಲದ್ದಕ್ಕೆ, ದೊಡ್ಡ ಆಡಿಯೋ ಫೈಲನ್ನ ಚಿಕ್ಕದು ಮಾಡಿ ಡೇಟಾಬೇಸಿನಲ್ಲಿ ಗುರುತು ಹಾಕೋ ಸ್ಕ್ರಿಪ್ಟನ್ನೂ ನಾವೇ 2 ಗಂಟೆಗೇ ಇಟ್ಟಿದ್ವಿ. ಹೀಗಾಗಿ ಟೇಬಲಿನ ಪೇಜು ಲಾಗಿಗಿಂತ ಹೊಸದು. ಲಾಗಿಗೆ ಅಂಥ ಬದಲಾವಣೆ ಆದದ್ದೇ ಗೊತ್ತಿಲ್ಲ. "ಭವಿಷ್ಯದಲ್ಲಿದೆ" ಅಂತ ಮೈಎಸ್‌ಕ್ಯುಎಲ್ ಗೊಣಗಿದ್ದು ತಮಾಷೆಗಲ್ಲ, ಅಕ್ಷರಶಃ ಅದೇ ಪರಿಸ್ಥಿತಿ. ಇನ್ನೂ ಒಂದಿದೆ. ಇನ್ನೋಡಿಬಿಯ ಒಂದು ಪೇಜು ಮಾಮೂಲಾಗಿ 16 ಕೆಬಿ. ಅದನ್ನ ಬರೆಯುತ್ತಿರುವಾಗಲೇ ಟಾರ್ ಓದಿದರೆ ಅರ್ಧ ಹಳೇದು ಅರ್ಧ ಹೊಸದು ಸಿಗಬಹುದು. ಆಗ ಚೆಕ್‌ಸಮ್ಮೇ ತಾಳೆ ಆಗಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ, ನಮ್ಮ ಜೂನಿಯರ್ ಒಬ್ಬಳು ಕೇಳಿದ್ದು. "ಕರೆಂಟ್ ಹೋದಾಗಲೂ ಡೇಟಾಬೇಸ್ ಅರ್ಧಕ್ಕೇ ನಿಲ್ಲುತ್ತಲ್ವಾ? ಆಗ ಹೇಗೆ ಸರಿ ಹೋಗುತ್ತೆ?" ಈ ಪ್ರಶ್ನೆಯೇ ಇಡೀ ವಿಷಯದ ಬೀಗದ ಕೈ. ಡೇಟಾಬೇಸ್ ಬರೆದವರು ಕರೆಂಟ್ ಹೋಗುತ್ತೆ ಅಂತ ಗೊತ್ತಿದ್ದೇ ಬರೆದಿದ್ದಾರೆ. ಬದಲಾವಣೆಯನ್ನ ಮೊದಲು ಲಾಗಿಗೆ ಬರೆದು ಗಟ್ಟಿ ಮಾಡಿಕೊಂಡು, ಆಮೇಲೆ ಟೇಬಲಿನ ಫೈಲಿಗೆ ಇಳಿಸೋದು. ಕರೆಂಟ್ ಹೋಗಿ ಬಂದ ಮೇಲೆ ಲಾಗ್ ಓದಿ, ಇಳಿಸದೇ ಉಳಿದದ್ದನ್ನ ಇಳಿಸಿ, ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ನುಗಳನ್ನ ತೆಗೆದುಹಾಕುತ್ತೆ. ಆದರೆ ಕರೆಂಟ್ ಹೋದಾಗ ಎಲ್ಲಾ ಫೈಲುಗಳೂ ಒಂದೇ ಕ್ಷಣಕ್ಕೆ ನಿಲ್ಲುತ್ತವೆ. ಲಾಗ್ 2 ಗಂಟೆಯದ್ದು, ಟೇಬಲ್ 2:15ರದ್ದು ಅನ್ನೋ ಸ್ಥಿತಿಯನ್ನ ಯಾವ ಪವರ್ ಕಟ್ಟೂ ತಂದಿಡಲಾರದು. ಅಂಥದ್ದಕ್ಕೆ ಡೇಟಾಬೇಸ್ ತಯಾರಾಗಿಲ್ಲ, ತಯಾರಾಗಬೇಕು ಅಂತ ನಿರೀಕ್ಷೆ ಮಾಡೋದೂ ತಪ್ಪು.

ಅಂದ್ರೆ ನಮಗೆ ಬೇಕಾಗಿರೋದು, ನಿಜವಾಗಿ ಕರೆಂಟ್ ತೆಗೀದೆ, ಕರೆಂಟ್ ಹೋದ ಕ್ಷಣದ ಚಿತ್ರ. ಅದೇ ಸ್ನ್ಯಾಪ್‌ಶಾಟ್.

ಅದನ್ನ ಮೊದಲ ಸಲ ನೋಡಿದಾಗ ನಮಗೆ ಮೋಸ ಅನ್ನಿಸಿತು. 100 ಜಿಬಿ ಇರೋ ವಾಲ್ಯೂಮಿನ ಸ್ನ್ಯಾಪ್‌ಶಾಟ್ ಒಂದೆರಡು ಸೆಕೆಂಡಿನಲ್ಲಿ ಮುಗೀತು ಅಂದ್ರೆ ನಂಬೋದು ಹೇಗೆ? ಗುಟ್ಟು ಏನಂದ್ರೆ ಆಗ ಏನನ್ನೂ ಕಾಪಿ ಮಾಡಿರಲ್ಲ. ಲಿನಕ್ಸಿನ ಎಲ್‌ವಿಎಂನಲ್ಲಿ, ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಯಾವುದಾದರೂ ಬ್ಲಾಕ್ ಮೇಲೆ ಮೊದಲ ಸಲ ಬರೆಯೋಕೆ ಬಂದರೆ, ಬರೆಯೋಕೆ ಮುಂಚೆ ಅದರ ಹಳೇ ರೂಪವನ್ನ ಪಕ್ಕದ ಜಾಗಕ್ಕೆ ಎತ್ತಿಡುತ್ತೆ. ಸ್ನ್ಯಾಪ್‌ಶಾಟ್ ಓದುವವರಿಗೆ, ಬದಲಾಗದ ಬ್ಲಾಕನ್ನ ಮೂಲದಿಂದ, ಬದಲಾದದ್ದನ್ನ ಎತ್ತಿಟ್ಟ ಜಾಗದಿಂದ ತೋರಿಸುತ್ತೆ. ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಇನ್ನೂ ಚೆಂದ. ಅವು ಮೊದಲಿಂದಲೂ ಹಳೇ ಬ್ಲಾಕಿನ ಮೇಲೆ ಬರೆಯೋದೇ ಇಲ್ಲ. ಹೊಸದನ್ನ ಹೊಸ ಜಾಗದಲ್ಲಿ ಬರೆದು, ಮೇಲಿನ ಪಾಯಿಂಟರುಗಳನ್ನ ಬದಲಿಸುತ್ತವೆ. ಸ್ನ್ಯಾಪ್‌ಶಾಟ್ ಅಂದ್ರೆ ಹಳೇ ಮರದ ಬೇರನ್ನ ಬಿಡದೆ ಹಿಡ್ಕೊಂಡಿರೋದು, ಅಷ್ಟೇ.

ಐಡಿಯಾ ಹೊಸದೇನಲ್ಲ. ನೆಟ್‌ಆ್ಯಪ್ ಕಂಪನಿಯವರು ತಮ್ಮ ಫೈಲ್‌ಸಿಸ್ಟಮ್ಮಿನಲ್ಲಿ ಇದನ್ನ ಹೇಗೆ ಮಾಡಿದ್ದಾರೆ ಅಂತ 1994ರಲ್ಲೇ ಪೇಪರ್ ಬರೆದಿದ್ದಾರೆ. ಸನ್ ಕಂಪನಿ ಝಡ್‌ಎಫ್‌ಎಸ್‌ನ ಕೋಡನ್ನ 2005ರಲ್ಲಿ ಬಿಟ್ಟಿತು. ಬಿಟಿಆರ್‌ಎಫ್‌ಎಸ್ 2009ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿತು. ವಿಂಡೋಸಿನಲ್ಲಿ ಶ್ಯಾಡೋ ಕಾಪಿ ಅನ್ನೋ ಹೆಸರಲ್ಲಿ ಎಕ್ಸ್‌ಪಿ ಕಾಲದಿಂದ ಇದೆ. ಮ್ಯಾಕ್ ಇಟ್ಟುಕೊಂಡ ಅನುಕೂಲಸ್ಥರ ಹತ್ತಿರವೂ ಇದೆ. ನಮ್ಮಲ್ಲಿ ಹಲವರು ಹುಟ್ಟೋಕೆ ಮುಂಚಿನಿಂದ ಇರೋದನ್ನ ನಾವು ಆರನೇ ಸೆಮಿಸ್ಟರಿನಲ್ಲಿ, ಡಿಸ್ಕ್ ಸತ್ತ ಮೇಲೆ ಕಲಿತ್ವಿ. ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ ಅಂತಾರಲ್ಲ, ಹಾಗೆ.

ಬೇಜಾರಿನ ಸಂಗತಿ ಏನಂದ್ರೆ ಇದರ ಬಿಡಿ ಭಾಗಗಳೆಲ್ಲ ನಮಗೆ ಪಾಠದಲ್ಲೇ ಬಂದಿದ್ದವು. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಫೋರ್ಕ್ ಬಗ್ಗೆ ಹೇಳುವಾಗ ಕಾಪಿ ಆನ್ ರೈಟ್ ಬಂತು. ಹತ್ತು ಮಾರ್ಕಿಗೆ ಚಿತ್ರ ಸಮೇತ ಬರೆದ್ವಿ. ಡಿಬಿಎಂಎಸ್‌ನಲ್ಲಿ ಆಸಿಡ್ ಬಂತು, ರೈಟ್ ಅಹೆಡ್ ಲಾಗ್ ಬಂತು. ವೈವಾದಲ್ಲಿ ಡ್ಯುರಬಿಲಿಟಿ ಅಂದ್ರೇನು ಅಂತ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತಿದ್ವಿ. ಎರಡೂ ಸೇರಿದರೆ ಒಂದು ನೆಟ್ಟಗಿನ ಬ್ಯಾಕಪ್ ಆಗುತ್ತೆ ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಈಗ ನಮ್ಮ ಹೊಸ ಮೆಷಿನ್ನಿನಲ್ಲಿ ರಾತ್ರಿ ನಡೆಯೋದು ಹೀಗೆ. ಡೇಟಾಬೇಸ್ ಮತ್ತು ಆಡಿಯೋ ಎರಡೂ ಒಂದೇ ಎಲ್‌ವಿಎಂ ವಾಲ್ಯೂಮಿನಲ್ಲಿವೆ. ಇದು ಬೇಕಂತಲೇ. ಬೇರೆ ಬೇರೆ ವಾಲ್ಯೂಮಿನಲ್ಲಿದ್ದರೆ ಎರಡು ಸ್ನ್ಯಾಪ್‌ಶಾಟ್ ಎರಡು ಬೇರೆ ಕ್ಷಣಕ್ಕೆ ಸೇರುತ್ತವೆ, ಪನೋರಮಾ ಕಥೆ ಮತ್ತೆ ಶುರು. ಡೇಟಾಬೇಸಿನ ಲಾಗನ್ನ ಒಂದು ಡಿಸ್ಕಿನಲ್ಲಿ, ಟೇಬಲನ್ನ ಇನ್ನೊಂದರಲ್ಲಿ ಇಟ್ಟವರಿಗೆ ಪೋಸ್ಟ್‌ಗ್ರೆಸ್ ಕೈಪಿಡಿ ಇದೇ ಎಚ್ಚರಿಕೆ ಕೊಡುತ್ತೆ: ಎಲ್ಲಾ ವಾಲ್ಯೂಮುಗಳ ಸ್ನ್ಯಾಪ್‌ಶಾಟ್ ಏಕಕಾಲಕ್ಕೆ ಆಗದಿದ್ದರೆ ಈ ದಾರಿ ಹಿಡೀಬೇಡಿ. ಸ್ಕ್ರಿಪ್ಟು ಸ್ನ್ಯಾಪ್‌ಶಾಟ್ ತೆಗೆದು, ಅದನ್ನ ಬೇರೊಂದು ಡೈರೆಕ್ಟರಿಗೆ ಮೌಂಟ್ ಮಾಡಿ, ಅಲ್ಲಿಂದ ಆರ್‌ಸಿಂಕ್ ಮೂಲಕ ಬೇರೆ ಕಟ್ಟಡದಲ್ಲಿರೋ ಮೆಷಿನ್ನಿಗೆ ಕಳಿಸಿ, ಕಡೆಗೆ ಸ್ನ್ಯಾಪ್‌ಶಾಟನ್ನ ಅಳಿಸುತ್ತೆ. ಕಾಪಿ ಇಪ್ಪತ್ತು ನಿಮಿಷವಾದರೂ ಹಿಡೀಲಿ, ಎರಡು ಗಂಟೆಯಾದರೂ ಹಿಡೀಲಿ, ಓದುತ್ತಿರೋದು ಅದೇ ಒಂದು ಕ್ಷಣವನ್ನ. ಹಾಸ್ಟೆಲಿನವರು ಆರಾಮಾಗಿ ಅಪ್‌ಲೋಡ್ ಮಾಡ್ಕೊಂಡಿರಬಹುದು.

ಇದನ್ನ ಮಾಡುವಾಗ ನಾವು ಮುಗ್ಗರಿಸಿದ ಕಡೆಗಳನ್ನ ಹೇಳಿಬಿಡ್ತೀವಿ, ನಿಮಗೆ ಒಂದೆರಡು ರಾತ್ರಿ ನಿದ್ದೆ ಉಳಿದೀತು. ಮೊದಲ ಸಲ ಓಎಸ್ ಹಾಕುವಾಗ ಇಡೀ ಡಿಸ್ಕನ್ನ ಒಂದೇ ವಾಲ್ಯೂಮಿಗೆ ಕೊಟ್ಟುಬಿಟ್ಟಿದ್ವಿ. ಸ್ನ್ಯಾಪ್‌ಶಾಟಿಗೆ ಹಳೇ ಬ್ಲಾಕ್ ಎತ್ತಿಡೋಕೆ ಜಾಗವೇ ಇಲ್ಲ. ಮತ್ತೆ ಮೊದಲಿಂದ. ಎರಡನೇ ಸಲ ಜಾಗ ಬಿಟ್ವಿ, ಆದ್ರೆ ಜಿಪುಣತನ ಮಾಡಿ 1 ಜಿಬಿ ಕೊಟ್ವಿ. ಕಾಪಿ ನಡೀತಿರುವಾಗ ಬರವಣಿಗೆ ಜಾಸ್ತಿಯಾಗಿ ಆ ಜಾಗ ತುಂಬಿತು. ತುಂಬಿದ ಕೂಡಲೇ ಎಲ್‌ವಿಎಂ ಆ ಸ್ನ್ಯಾಪ್‌ಶಾಟನ್ನ ಅಸಿಂಧು ಅಂತ ಬಿಸಾಕಿತು. ಮೂಲ ಡೇಟಾಗೆ ಏನೂ ಆಗಲ್ಲ, ಆದರೆ ಆ ರಾತ್ರಿಯ ಬ್ಯಾಕಪ್ ಹೋದಂತೆಯೇ. ಇನ್ನೊಂದು, ಸ್ನ್ಯಾಪ್‌ಶಾಟ್ ಇರೋವರೆಗೆ ಬರವಣಿಗೆ ನಿಧಾನ ಆಗುತ್ತೆ, ಯಾಕಂದ್ರೆ ಬದಲಾಗೋ ಪ್ರತಿ ಬ್ಲಾಕನ್ನ ಮೊದಲ ಸಲ ಎತ್ತಿಡಬೇಕು. ಕೆಲಸ ಮುಗಿದ ಮೇಲೆ ಅಳಿಸೋದು ಮರೀಬೇಡಿ.

ಎಲ್ಲಕ್ಕಿಂತ ನಾಚಿಕೆಯಾದದ್ದು ಲಾಕ್ ವಿಚಾರ. ಇನ್ನೋಡಿಬಿ ಟೇಬಲುಗಳಿಗೆ ಬರೀ ಸ್ನ್ಯಾಪ್‌ಶಾಟ್ ಸಾಕು, ಲಾಗ್ ಇದೆ, ಎದ್ದುಕೊಳ್ಳುತ್ತೆ. ನಮ್ಮ ಹಳೇ ಸೈಟಿನ ಒಂದೆರಡು ಟೇಬಲ್ ಇನ್ನೂ ಮೈಐಎಸ್‌ಎಎಂ ಆಗಿದ್ದವು. ಅದಕ್ಕೆ ಅಂಥ ಲಾಗ್ ಇಲ್ಲ. ಹಾಗಾಗಿ ಎಲ್ಲಾ ಟೇಬಲನ್ನ ಡಿಸ್ಕಿಗೆ ಇಳಿಸಿ ರೀಡ್ ಲಾಕ್ ಹಾಕೋ ಕಮ್ಯಾಂಡ್ ಕೊಟ್ಟು, ಆಮೇಲೆ ಸ್ನ್ಯಾಪ್‌ಶಾಟ್ ತೆಗೆದು, ಲಾಕ್ ಬಿಡಬೇಕು. ನಾವು ಸ್ಕ್ರಿಪ್ಟಿನ ಒಂದು ಸಾಲಿನಲ್ಲಿ ಮೈಎಸ್‌ಕ್ಯುಎಲ್‌ಗೆ ಲಾಕ್ ಹಾಕು ಅಂದ್ವಿ, ಮುಂದಿನ ಸಾಲಿನಲ್ಲಿ ಸ್ನ್ಯಾಪ್‌ಶಾಟ್ ತೆಗೆದ್ವಿ. ಸರಿಯಾಗೇ ಕಾಣುತ್ತಲ್ವಾ? ಆದರೆ ಮೊದಲ ಸಾಲು ಮುಗಿದ ತಕ್ಷಣ ಆ ಕನೆಕ್ಷನ್ ಮುಚ್ಚುತ್ತೆ, ಕನೆಕ್ಷನ್ ಮುಚ್ಚಿದರೆ ಲಾಕೂ ಬಿಟ್ಟುಹೋಗುತ್ತೆ. ಲಾಕ್ ಹಾಕಿದ ಸೆಷನ್ ತೆರೆದೇ ಇರುವಾಗ ಸ್ನ್ಯಾಪ್‌ಶಾಟ್ ಆಗಬೇಕು. ಇದನ್ನ ಕಂಡುಹಿಡಿದದ್ದು ಎರಡನೇ ವರ್ಷದ ಹುಡುಗ. ಸೀನಿಯರುಗಳಾದ ನಾವು ಅವನಿಗೆ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಕೊಡಿಸಿ ಮಾನ ಉಳಿಸಿಕೊಂಡ್ವಿ.

"ಇಷ್ಟೆಲ್ಲ ಯಾಕೆ, ಡಂಪ್ ತೆಗೆದರೆ ಆಯ್ತಪ್ಪ" ಅನ್ನೋರು ಇದ್ದಾರೆ. ಅವರ ಮಾತನ್ನ ತಳ್ಳಿಹಾಕೋಕಾಗಲ್ಲ. ಮೈಎಸ್‌ಕ್ಯುಎಲ್‌ಡಂಪ್‌ಗೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ಇನ್ನೋಡಿಬಿ ಟೇಬಲುಗಳು ಒಂದೇ ಕ್ಷಣದಲ್ಲಿ ಇದ್ದಂತೆ ಸಿಗುತ್ತವೆ. ಪೋಸ್ಟ್‌ಗ್ರೆಸ್‌ನ ಪಿಜಿ ಡಂಪ್ ಆಯ್ಕೆ ಕೊಡದೇನೇ ಹಾಗೆ ಕೊಡುತ್ತೆ. ನಿಮ್ಮ ಪ್ರಾಜೆಕ್ಟಿನ ಡೇಟಾ ಪೂರ್ತಿ ಡೇಟಾಬೇಸಿನೊಳಗೇ ಇದ್ದು, ಅದೂ ಚಿಕ್ಕದಿದ್ದರೆ, ಡಂಪೇ ಸಾಕು, ಸ್ನ್ಯಾಪ್‌ಶಾಟಿನ ತಲೆನೋವು ಬೇಡ. ನಾವು ಅದನ್ನಾದರೂ ಮಾಡಿದ್ದರೆ ಇವತ್ತು ಆ ಅಜ್ಜಿಯ ಹೆಸರು ಇರ್ತಿತ್ತು. ಆದರೆ ನಮ್ಮದು ಅಂಥದ್ದಲ್ಲ. ಅರ್ಧ ವಿಷಯ ಡೇಟಾಬೇಸಿನಲ್ಲಿ, ಅರ್ಧ ಫೈಲುಗಳಲ್ಲಿ. ಡಂಪಿಗೆ ಫೈಲುಗಳ ವಿಚಾರ ಗೊತ್ತಿಲ್ಲ. ಫೋಟೋ, ಪಿಡಿಎಫ್, ಅಸೈನ್‌ಮೆಂಟ್ ಅಪ್‌ಲೋಡ್ ಇರೋ ಯಾವ ಪ್ರಾಜೆಕ್ಟಾದರೂ ಇದೇ ಜಾತಿ. ಎರಡೂ ಒಂದೇ ಕ್ಷಣದ್ದು ಬೇಕು ಅಂದ್ರೆ ಅವೆರಡಕ್ಕೂ ಕೆಳಗಿರೋ ಪದರದಲ್ಲೇ ನಿಲ್ಲಿಸಬೇಕು. ಅಂಥ ಪದರ ಫೈಲ್‌ಸಿಸ್ಟಮ್ಮು, ಇಲ್ಲಾ ಅದರ ಕೆಳಗಿನ ವಾಲ್ಯೂಮು.

ಇನ್ನೊಂದು ತುದಿಯವರೂ ಇದ್ದಾರೆ. ಸ್ನ್ಯಾಪ್‌ಶಾಟ್ ತೆಗೆದೆವಲ್ಲ, ಬ್ಯಾಕಪ್ ಮುಗೀತು ಅನ್ನೋರು. ಸ್ನ್ಯಾಪ್‌ಶಾಟ್ ಇರೋದು ಅದೇ ಡಿಸ್ಕಿನ ಮೇಲೆ. ಬದಲಾಗದ ಬ್ಲಾಕುಗಳಿಗೆ ಅದು ಮೂಲವನ್ನೇ ನೆಚ್ಚಿಕೊಂಡಿದೆ. ನಮ್ಮ ಹಾಗೆ ಡಿಸ್ಕ್ ಸತ್ತರೆ ಸ್ನ್ಯಾಪ್‌ಶಾಟೂ ಜೊತೆಗೇ ಸಾಯುತ್ತೆ. ತಪ್ಪಿ ಏನಾದರೂ ಅಳಿಸಿದಾಗ ಮಾತ್ರ ಅದು ಕೈ ಹಿಡಿಯುತ್ತೆ.

ಗಿಟ್‌ಲ್ಯಾಬ್‌ನವರ ಕಥೆ ಇಲ್ಲಿ ನೆನಪಾಗುತ್ತೆ. ಅವರೇ ಏನೂ ಮುಚ್ಚಿಡದೆ ಬರೆದು ಪ್ರಕಟಿಸಿದ್ದು. 2017ರ ಜನವರಿ 31ರ ರಾತ್ರಿ, ಒಬ್ಬ ಎಂಜಿನಿಯರ್ ಸೆಕೆಂಡರಿ ಸರ್ವರಿನಲ್ಲಿ ಅಳಿಸಬೇಕಿದ್ದ ಡೇಟಾ ಡೈರೆಕ್ಟರಿಯನ್ನ ತಪ್ಪಿ ಪ್ರೈಮರಿಯಲ್ಲಿ ಅಳಿಸಿದರು. ಸೆಕೆಂಡುಗಳಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ, ಡಂಪುಗಳು ಇರಬೇಕಾದ ಜಾಗ ಖಾಲಿ. ಪಿಜಿ ಡಂಪ್‌ನ ಆವೃತ್ತಿ 9.2, ಡೇಟಾಬೇಸ್ 9.6, ಹಾಗಾಗಿ ಡಂಪ್ ಫೇಲಾಗುತ್ತಲೇ ಇತ್ತು. ಫೇಲಾಗಿದೆ ಅಂತ ಹೇಳಬೇಕಿದ್ದ ಇಮೇಲುಗಳು ತಲುಪುತ್ತಲೇ ಇರಲಿಲ್ಲ. ಕಡೆಗೆ ಉಳಿಸಿದ್ದು ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ಅದೂ ಬ್ಯಾಕಪ್ಪಿಗೆ ಅಂತ ತೆಗೆದದ್ದಲ್ಲ. ಟೆಸ್ಟಿಂಗ್ ಮಾಡೋ ಸರ್ವರಿಗೆ ಡೇಟಾ ಒಯ್ಯಬೇಕಿತ್ತು ಅಂತ ಆರು ಗಂಟೆ ಮುಂಚೆ ಕೈಯಾರೆ ತೆಗೆದು, ಬೇರೆ ಕಡೆ ಕಾಪಿ ಮಾಡಿಟ್ಟಿದ್ದು. ಆ ಆರು ಗಂಟೆಯ ಡೇಟಾ ಹೋಯ್ತು, ಮಿಕ್ಕದ್ದು ಉಳೀತು. ನಮಗೆ ಇದರಲ್ಲಿ ಮುಖ್ಯ ಅನ್ನಿಸೋದು, ಆ ಸ್ನ್ಯಾಪ್‌ಶಾಟನ್ನ ಯಾರೋ ನಿಜವಾಗಿ ಬಳಸಿದ್ದರು ಅನ್ನೋದು. ಅದರ ಮೇಲೆ ಡೇಟಾಬೇಸ್ ಏಳುತ್ತೆ ಅಂತ ಗೊತ್ತಿತ್ತು. ಡಂಪನ್ನ ಯಾರೂ ಮುಟ್ಟಿ ನೋಡಿರಲಿಲ್ಲ. ನಮ್ಮ ಏಳು ಟಾರ್ ಫೈಲುಗಳ ಹಾಗೇ.

ಇದಕ್ಕೇ ಮಾರ್ಕ್ಸ್ ವಿಚಾರ ಎತ್ತಿದ್ದು. ಪ್ರಾಜೆಕ್ಟ್ ಡೆಮೋದಲ್ಲಿ ನಮ್ಮನ್ನ ಲಾಗಿನ್ ಪೇಜ್ ತೋರಿಸಿ ಅಂತಾರೆ, ಇಆರ್ ಡಯಾಗ್ರಾಮ್ ಕೇಳ್ತಾರೆ, ರಿಪೋರ್ಟಿನ ಮಾರ್ಜಿನ್ ಅಳೀತಾರೆ. "ಈ ಮೆಷಿನ್ ಈಗ ಸತ್ತಿದೆ ಅಂದ್ಕೊಳ್ಳಿ, ಖಾಲಿ ಮೆಷಿನ್ನಿನಲ್ಲಿ ಹತ್ತು ನಿಮಿಷದಲ್ಲಿ ಎಬ್ಬಿಸಿ" ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಮೊದಲ ವರ್ಷವೇ ನಮ್ಮ ಬಂಡವಾಳ ಬಯಲಾಗ್ತಿತ್ತು, ಒಂದೈದು ಮಾರ್ಕ್ಸ್ ಹೋಗ್ತಿತ್ತು, ಅಷ್ಟರಲ್ಲೇ ಮುಗೀತಿತ್ತು. ಡಿಬಿಎಂಎಸ್ ಲ್ಯಾಬಿನಲ್ಲಿ ಒಂದು ಪ್ರಯೋಗ ಇದಕ್ಕೆ ಮೀಸಲಿಡೋದು ಕಷ್ಟವಲ್ಲ. ಒಂದು ಸ್ಕ್ರಿಪ್ಟ್ ಸತತವಾಗಿ ಸಾಲುಗಳನ್ನ ಸೇರಿಸುತ್ತಿರಲಿ. ಒಮ್ಮೆ ನೇರ ಕಾಪಿ, ಒಮ್ಮೆ ಸ್ನ್ಯಾಪ್‌ಶಾಟಿನಿಂದ ಕಾಪಿ. ಎರಡನ್ನೂ ಎಬ್ಬಿಸಿ ನೋಡಿ. ಮಜಾ ಏನಂದ್ರೆ ನೇರ ಕಾಪಿ ಒಮ್ಮೊಮ್ಮೆ ಸರಿಯಾಗೇ ಏಳುತ್ತೆ. ಹತ್ತು ಸಲ ಮಾಡಿದ್ರೆ ಮಾತ್ರ ಅದರ ಬಣ್ಣ ಗೊತ್ತಾಗೋದು. ಈ ಮಾತನ್ನ ವಿಭಾಗದ ಮೇಷ್ಟ್ರುಗಳ ಹತ್ತಿರ ಹೇಳಿದ್ದೀವಿ. ಒಬ್ಬರು "ಸಿಲೆಬಸ್‌ನಲ್ಲಿ ಇಲ್ವಲ್ಲಪ್ಪಾ" ಅಂದ್ರು. ಇನ್ನೊಬ್ಬರು ಸ್ಕ್ರಿಪ್ಟ್ ಕಳಿಸು ಅಂದಿದ್ದಾರೆ, ಕಳಿಸಿದ್ದೀವಿ.

ನಾವು ಈಗ ಪ್ರತಿ ತಿಂಗಳ ಮೊದಲ ಶನಿವಾರ ಬ್ಯಾಕಪ್ಪಿನಿಂದ ಇಡೀ ಸೈಟನ್ನ ಒಂದು ಖಾಲಿ ಮೆಷಿನ್ನಿನಲ್ಲಿ ಎಬ್ಬಿಸಿ, ಕಣ್ಣು ಮುಚ್ಚಿ ಹತ್ತು ರೆಕಾರ್ಡಿಂಗ್ ಆರಿಸಿ, ದನಿಯೂ ಹೆಸರೂ ತಾಳೆ ಆಗುತ್ತಾ ಅಂತ ನೋಡ್ತೀವಿ. ಬರೋ ಜೂನಿಯರುಗಳು ಇದನ್ನ ಬೋರು ಅಂತಾರೆ. ಬೋರೇ. ಫೆಬ್ರವರಿಯಲ್ಲಿ ಒಂದು ಸಲ ಎದ್ದೇಳಲಿಲ್ಲ, ಪಾಸ್‌ವರ್ಡ್ ಫೈಲನ್ನ ಬ್ಯಾಕಪ್ಪಿಗೆ ಸೇರಿಸೋದೇ ಮರೆತಿದ್ವಿ.

ಅದೇ ಶನಿವಾರಗಳಲ್ಲಿ ಮಧ್ಯಾಹ್ನ ಮೂರರಿಂದ, ಹೆಸರಿಲ್ಲದ ಆ ಮುನ್ನೂರು ಚಿಲ್ಲರೆ ದನಿಗಳನ್ನ ಲ್ಯಾಬಿನಲ್ಲಿ ಒಂದೊಂದಾಗಿ ಹಾಕಿ ಕೇಳ್ತಾ ಕೂರ್ತೀವಿ. ಮಾತಿನ ವರಸೆ ನೋಡಿ "ಇದು ಶಿರಸಿ ಕಡೆ", "ಇದು ಬೀದರದ್ದೇ" ಅಂತ ಯಾರಾದರೂ ಹೇಳ್ತಾರೆ. ಈವರೆಗೆ ನಲವತ್ತೊಂದರ ಗುರುತು ಸಿಕ್ಕಿದೆ. ರೆಕಾರ್ಡಿಂಗ್ ಕೊಟ್ಟು, ಪಾಸಾಗಿ ಹೋದ ಸೀನಿಯರುಗಳಿಗೂ ಲಿಂಕ್ ಕಳಿಸ್ತಿದ್ದೀವಿ. ನೀವು ಕೊಟ್ಟದ್ದು ನೆನಪಿದ್ದರೆ ಬನ್ನಿ, ಹೆಡ್‌ಫೋನ್ ತನ್ನಿ. ಹಿಂದೆ ಕೋಳಿ ಕೂಗುತ್ತಿರೋ, ಹಗೇವಿನ ವಿಚಾರ ಹೇಳೋ ಅಜ್ಜಿ ನಿಮ್ಮ ಮನೆಯವರೇ ಆಗಿದ್ದರೆ, ದಯವಿಟ್ಟು ಅವರ ಹೆಸರು ಹೇಳಿ ಹೋಗಿ.